ಕೀರ್ತಿಯೂ ಯೋಗ್ಯತೆಯೂ

ಸಂಗೀತವನ್ನು ಪ್ರೀತಿಸುವ ನಾಲ್ಕು ಜನ ಒಂದೆಡೆ ಕೂಡಿದರೆ ಒಂದು ವಾದ ತಪ್ಪದೆ ಹುಟ್ಟುತ್ತದೆ. ಇಂಥ ಗಾಯಕರಿಗೆ ಇರುವ ಹೆಸರು ಅವರ ಹಾಡಿಗಿಂತ ದೊಡ್ಡದು ಎಂದು ಒಬ್ಬರು ಹೇಳುತ್ತಾರೆ. ಇಂಥವರ ಹಾಡಿಗೆ ತಕ್ಕ ಹೆಸರು ಅವರಿಗೆ ಬರಲೇ ಇಲ್ಲ ಎಂದು ಇನ್ನೊಬ್ಬರು ಮರುಗುತ್ತಾರೆ. ಧಾರವಾಡ, ಹುಬ್ಬಳ್ಳಿ, ಗದಗುಗಳ ಸೀಮೆಯಲ್ಲಂತೂ ಈ ವಾದಕ್ಕೆ ಕಾವು ಹೆಚ್ಚು. ಒಂದೇ ನೆಲದಲ್ಲಿ, ಹೆಚ್ಚು ಕಡಿಮೆ ಒಂದೇ ಕಾಲದಲ್ಲಿ, ಮಲ್ಲಿಕಾರ್ಜುನ ಮನಸೂರ, ಗಂಗೂಬಾಯಿ ಹಾನಗಲ್ಲ, ಬಸವರಾಜ ರಾಜಗುರು, ಭೀಮಸೇನ ಜೋಶಿ ಮುಂತಾದ ಮಹನೀಯರು ಬಾಳಿ ಹಾಡಿದುದರಿಂದ ಹೋಲಿಕೆಯ ಚಪಲ ಸಹಜವಾಗಿಯೇ ಬೆಳೆದಿದೆ. ಇದನ್ನು ಬರಿಯ ಹರಟೆಯೆಂದು ತಳ್ಳಿಹಾಕುವವರುಂಟು. ಆದರೆ ಅವರವರಿಗೆ ಸಲ್ಲತಕ್ಕುದನ್ನು ಸಲ್ಲಿಸುವುದೇ ನ್ಯಾಯವೆಂಬುದಾದರೆ, ಕಲಾವಿದನಿಗೆ ಸಲ್ಲತಕ್ಕುದು ಯಾವುದು, ಅದನ್ನು ಅಳೆಯುವವರು ಯಾರು ಎಂಬುದು ನೀತಿಯ ಪ್ರಶ್ನೆಯೇ ಆಗಿದೆ. ಕಾರಣ, ಇದನ್ನು ತುಸು ನಿಧಾನವಾಗಿ ವಿಚಾರಿಸುವುದು ಯೋಗ್ಯ.

ಈ ವಾದವನ್ನು ಮುಗಿಸಿಬಿಡಲು ಎರಡು ಸುಲಭದ ಉತ್ತರಗಳು ಪ್ರಚಾರದಲ್ಲಿವೆ. ರುಚಿ ಅವರವರದು, ಅದರಲ್ಲಿ ಸರಿ ತಪ್ಪುಗಳಿಲ್ಲ ಎಂಬುದು ಒಂದು. ಬಹುಜನ ಮೆಚ್ಚಿದ್ದೇ ಶ್ರೇಷ್ಠ ಎಂಬುದು ಇನ್ನೊಂದು. ಇಂದು ಕೈಯಲ್ಲಿರುವ ಮೊಬೈಲಿನಲ್ಲಿ ಒಂದು ಹಾಡನ್ನು ಎಷ್ಟು ಲಕ್ಷ ಜನ ಕೇಳಿದರೆಂಬ ಅಂಕಿ ಹಾಡಿನ ಕೆಳಗೇ ಕಾಣುವುದರಿಂದ ಎರಡನೆಯ ಉತ್ತರಕ್ಕೆ ಬಲ ಬಂದಂತಾಗಿದೆ. ಆದರೆ ‘ಹೆಸರಿಗಿಂತ ಹಾಡು ಕಡಿಮೆ’ ಎಂದಾಗ ನಾವು ಹೆಸರು ಬೇರೆ, ಹಾಡಿನ ಸತ್ತ್ವ ಬೇರೆ ಎಂದು ಆಗಲೇ ಒಪ್ಪಿದ್ದೇವೆ. ಎರಡೂ ಒಂದೇ ಆಗಿದ್ದರೆ ಆ ಮಾತಿಗೆ ಅರ್ಥವೇ ಇಲ್ಲ. ಸತ್ತ್ವವೆಂಬುದೇ ಇಲ್ಲ, ಕೇವಲ ರುಚಿಯಿದೆ ಎಂದರೂ ಅರ್ಥವಿಲ್ಲ. ‘ನನಗೆ ಬೆಲ್ಲ ಸೇರದು’ ಎಂದವನೊಡನೆ ಯಾರೂ ವಾದಿಸುವುದಿಲ್ಲ. ‘ರಾಜಗುರುಗಳಿಗೆ ಅನ್ಯಾಯವಾಯಿತು’ ಎಂದವನೊಡನೆ ವಾದಿಸುತ್ತೇವೆ. ಅನ್ಯಾಯವೆಂಬ ಶಬ್ದವೇ ಒಂದು ಅಳತೆಯನ್ನು ಬೇಡುತ್ತದೆ.

ಹಾಗಾದರೆ ಕೀರ್ತಿ ಯೋಗ್ಯತೆಯಿಂದ ಏಕೆ ಬೇರೆಯಾಗುತ್ತದೆ? ಜರ್ಮನಿಯ ಲೈಪ್‌ಸಿಗ್ ನಗರದ ಒಂದು ಸಂಗತಿ ಇಲ್ಲಿ ಸ್ಮರಣೀಯ. 1723ರಲ್ಲಿ ಅಲ್ಲಿಯ ಸಂತ ಥಾಮಸನ ಇಗರ್ಜಿಗೆ ಸಂಗೀತಾಚಾರ್ಯರೊಬ್ಬರು ಬೇಕಾಗಿದ್ದರು. ನಗರಸಭೆಯವರು ಮೊದಲು ಬಯಸಿದ್ದು ಟೆಲೆಮಾನ್ ಎಂಬಾತನನ್ನು. ಆತ ಬರಲಿಲ್ಲ. ಬಳಿಕ ಗ್ರೌಪ್ನರ್ ಎಂಬವನನ್ನು ಆರಿಸಿದರು. ಅವನ ಒಡೆಯ ಅವನನ್ನು ಬಿಟ್ಟುಕೊಡಲಿಲ್ಲ. ಕೊನೆಗೆ ಆ ಸ್ಥಾನ ಯೊಹಾನ್ ಸೆಬಾಸ್ಟಿಯನ್ ಬಾಖ್‌ನಿಗೆ ದೊರೆಯಿತು. ಇಂದು ಪಾಶ್ಚಾತ್ಯ ಸಂಗೀತದ ಶಿಖರಗಳಲ್ಲಿ ಒಂದೆನಿಸಿದ ಬಾಖ್, ಅಂದು ಆ ನಗರಕ್ಕೆ ಮೊದಲ ಆಯ್ಕೆಯಾಗಿರಲಿಲ್ಲ. ಆತ 1750ರಲ್ಲಿ ತೀರಿಕೊಂಡ ಮೇಲೆ ಅವನ ಕೃತಿಗಳು ಬಲ್ಲವರ ಕೈಯಲ್ಲಿ ಮಾತ್ರ ಉಳಿದವು. ಮೊಜಾರ್ಟನು 1789ರಲ್ಲಿ ಲೈಪ್‌ಸಿಗ್ಗಿಗೆ ಹೋದಾಗ ಅವುಗಳಲ್ಲೊಂದನ್ನು ಕೇಳಿ ಬೆರಗಾದನು. ಆದರೆ ಜನಸಾಮಾನ್ಯರಿಗೆ ಅವನ ಹಿರಿಮೆ ತಿಳಿಯಲು, 1829ರಲ್ಲಿ ಇಪ್ಪತ್ತು ವರ್ಷದ ತರುಣ ಮೆಂಡೆಲ್‌ಸನ್ ಬರ್ಲಿನ್ನಿನಲ್ಲಿ ಅವನ ‘ಸಂತ ಮ್ಯಾಥ್ಯೂ ಪ್ಯಾಶನ್’ ಕೃತಿಯನ್ನು ಹಾಡಿಸಬೇಕಾಯಿತು.

ಈ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸುತ್ತಾರೆ. ಆದರೆ ಇದಕ್ಕೆ ಉತ್ತರಾರ್ಧವೊಂದಿದೆ. ಬಾಖ್‌ನ ಕೀರ್ತಿ ಏರಿದಂತೆ ಟೆಲೆಮಾನನ ಕೀರ್ತಿ ಇಳಿಯಿತು. ಹತ್ತೊಂಬತ್ತನೆಯ ಶತಮಾನದ ಪಂಡಿತರು ಅವನನ್ನು ಬರಿಯ ಲೆಕ್ಕವಿಲ್ಲದಷ್ಟು ಬರೆದವನೆಂದು ಹೀಗಳೆದರು. ಇಪ್ಪತ್ತನೆಯ ಶತಮಾನದಲ್ಲಿ ಅವನ ಕೃತಿಗಳನ್ನು ಮತ್ತೆ ನುಡಿಸಿ ಕೇಳಿದಾಗಲೇ ಆ ತಿರಸ್ಕಾರ ಅವಸರದ್ದೆಂದು ತಿಳಿದುಬಂದಿತು. ಒಬ್ಬನಿಗೆ ಆದ ಅನ್ಯಾಯವನ್ನು ಸರಿಪಡಿಸುವ ಉತ್ಸಾಹದಲ್ಲಿ ಇನ್ನೊಬ್ಬನಿಗೆ ಅನ್ಯಾಯ ಮಾಡಲಾಯಿತು.

ನಮ್ಮಲ್ಲಿಯೂ ಕೀರ್ತಿಗೆ ಕಲೆಯ ಹೊರಗಿನ ಕಾರಣಗಳು ಅನೇಕ. 1902ರಲ್ಲಿ ಕಲಕತ್ತೆಯಲ್ಲಿ ಗೌಹರಜಾನರ ಹಾಡಿಕೆಯನ್ನು ಮುದ್ರಿಸಿಕೊಂಡಂದಿನಿಂದ ಗ್ರಾಮೋಫೋನ್ ಪ್ಲೇಟು ಹೊಸದೊಂದು ತಕ್ಕಡಿಯಾಯಿತು. ಅದರ ಒಂದು ಮಗ್ಗುಲಿಗೆ ಹಿಡಿಸುತ್ತಿದ್ದುದು ಸುಮಾರು ಮೂರು ನಿಮಿಷದ ಸಂಗೀತ. ಒಂದು ರಾಗವನ್ನು ಮುಕ್ಕಾಲು ಗಂಟೆ ಅರಳಿಸಬಲ್ಲವರಲ್ಲಿ ಕೆಲವರು ಆ ಮೂರು ನಿಮಿಷದಲ್ಲಿಯೂ ಬೆಳಗಿದರು. ಕೆಲವರಿಗೆ ಅದು ಒಗ್ಗಲಿಲ್ಲ. ಅಬ್ದುಲ್ ಕರೀಮ್ ಖಾನರು 1937ರಲ್ಲಿ ತೀರಿಕೊಂಡರು. ಅವರ ಪ್ಲೇಟುಗಳಿಂದಾಗಿ ಅವರ ಕಂಠವನ್ನು ನಾವು ಇಂದಿಗೂ ಕೇಳಬಲ್ಲೆವು. 1946ರಲ್ಲಿ ತೀರಿಕೊಂಡ ಅಲ್ಲಾದಿಯಾ ಖಾನರಾದರೋ ಹಾಗೆ ಪ್ಲೇಟು ಕೊಡಲಿಲ್ಲ. ಕೇಸರಬಾಯಿ ಕೇರಕರ, ಮೋಗುಬಾಯಿ ಕುರ್ಡೀಕರ ಮೊದಲಾದ ಶಿಷ್ಯರ ಹಾಡಿಕೆಯಿಂದ ಅವರನ್ನು ಊಹಿಸಿಕೊಳ್ಳಬೇಕು. ಇವರಿಬ್ಬರಲ್ಲಿ ಹಿರಿಯರು ಯಾರೆಂದು ತೀರ್ಪು ಕೊಡಹೊರಡುವವನು ಒಬ್ಬರ ಹಾಡನ್ನು ಇನ್ನೊಬ್ಬರ ಖ್ಯಾತಿಯೊಡನೆ ತೂಗುತ್ತಿದ್ದಾನೆ. ಇದು ತೂಕವೇ ಅಲ್ಲ.

ಮಲ್ಲಿಕಾರ್ಜುನ ಮನಸೂರರ ಉದಾಹರಣೆಯನ್ನು ನೋಡೋಣ. ನೀಲಕಂಠಬುವಾ ಆಲೂರಮಠರಲ್ಲಿ ಪಾಠವಾದ ಮೇಲೆ ಅವರು ಅಲ್ಲಾದಿಯಾ ಖಾನರ ಮಗ ಮಂಜಿಖಾನರಲ್ಲಿ, 1937ರಲ್ಲಿ ಮಂಜಿಖಾನರು ಗತಿಸಿದ ಮೇಲೆ ಅವರ ತಮ್ಮ ಭೂರ್ಜಿಖಾನರಲ್ಲಿ ಕಲಿತರು. ಅಪರೂಪದ ಜೋಡುರಾಗಗಳನ್ನು ಹಾಡಿದರು. ವಚನಗಳನ್ನು ಹಾಡಿ ಕನ್ನಡಿಗರ ಮನೆಮನೆಗೆ ಮುಟ್ಟಿಸಿದರು. ಪದ್ಮಶ್ರೀ ಪ್ರಶಸ್ತಿ ಅವರಿಗೆ ಬಂದುದು 1970ರಲ್ಲಿ, ಅರವತ್ತರ ಹೊಸ್ತಿಲಲ್ಲಿ. ಪದ್ಮವಿಭೂಷಣ ಬಂದುದು ಅವರು ಲಿಂಗೈಕ್ಯರಾದ 1992ರಲ್ಲಿ. ‘ಹಿತ್ತಲ ಗಿಡ ಮದ್ದಲ್ಲ’ ಎಂಬ ಗಾದೆಗೆ ಇದನ್ನು ನಿದರ್ಶನವಾಗಿ ಕೊಡುವವರುಂಟು. ಅದರಲ್ಲಿ ಸತ್ಯಾಂಶವಿದೆ. ಆದರೆ ಪೂರ್ಣ ಸತ್ಯವಿಲ್ಲ. ಮನಸೂರರ ಗಾಯನ ನಲವತ್ತರಲ್ಲಿ ಇದ್ದಂತೆಯೇ ಎಪ್ಪತ್ತರಲ್ಲಿ ಇರಲಿಲ್ಲ. ಅದು ಮಾಗುತ್ತಲೇ ಬಂದಿತು. ತಡವಾಗಿ ಬಂದ ಮನ್ನಣೆಯಲ್ಲಿ ಒಂದಂಶ ಲೋಕದ ಆಲಸ್ಯದಿಂದ ಆದುದು, ಇನ್ನೊಂದಂಶ ಫಲ ಪಕ್ವವಾಗಲು ಹಿಡಿದ ಕಾಲದಿಂದ ಆದುದು. ಎರಡನ್ನೂ ಒಟ್ಟುಗೂಡಿಸಿ ‘ಅನ್ಯಾಯ’ ಎಂದು ಕರೆದರೆ ಕಲಾವಿದನ ಸಾಧನೆಯ ದಾರಿಯನ್ನೇ ಮರೆತಂತಾಗುತ್ತದೆ.

1991ರಲ್ಲಿ ಅಗಲಿದ ಬಸವರಾಜ ರಾಜಗುರುಗಳ ವಿಷಯ ಬೇರೆ. ಪಂಚಾಕ್ಷರ ಗವಾಯಿಗಳ ಶಿಷ್ಯರಾದ ಅವರು ಆ ಬಳಿಕ ಬೇರೆ ಬೇರೆ ಘರಾಣೆಗಳ ಗುರುಗಳಲ್ಲಿ ಕಲಿತು ದೊಡ್ಡ ಭಂಡಾರವನ್ನೇ ಕೂಡಿಸಿದರು. ಒಂದು ಘರಾಣೆಯ ಒಂದೇ ಮುದ್ರೆಯನ್ನು ಅಪೇಕ್ಷಿಸುವವನಿಗೆ ಈ ವೈವಿಧ್ಯ ಕೊರತೆಯಾಗಿ ಕಾಣುತ್ತದೆ. ವಿಸ್ತಾರವನ್ನು ಮೆಚ್ಚುವವನಿಗೆ ಅದೇ ಗುಣ. ಇವರಿಬ್ಬರೂ ರಾಜಗುರುಗಳನ್ನು ಕುರಿತು ಜಗಳವಾಡುತ್ತಿರುವಂತೆ ತೋರಿದರೂ ನಿಜವಾಗಿ ಅವರ ಜಗಳ ಅಳತೆಗೋಲನ್ನು ಕುರಿತದ್ದು. ನಮ್ಮ ಅನೇಕ ವಾದಗಳು ಮುಗಿಯದಿರುವುದು ಇದರಿಂದಲೇ. ಯಾವ ಕೋಲಿನಿಂದ ಅಳೆಯುತ್ತಿದ್ದೇವೆಂಬುದನ್ನು ಮೊದಲೇ ಹೇಳಿಬಿಟ್ಟರೆ ಅರ್ಧ ವಾದ ತಾನಾಗಿ ಶಾಂತವಾದೀತು.

ಇನ್ನು ನೀತಿಯ ದೃಷ್ಟಿಯಿಂದ ನೋಡಿದರೆ, ಅಲ್ಪಮನ್ನಣೆಯ ಮಾತು ಮತ್ತು ಅತಿಮನ್ನಣೆಯ ಮಾತು ಇವೆರಡೂ ಸಮಾನವಲ್ಲ. ‘ಇವರಿಗೆ ತಕ್ಕ ಮನ್ನಣೆ ಸಿಗಲಿಲ್ಲ’ ಎಂಬ ಮಾತು ಕೇಳುವವನನ್ನು ಒಂದು ಹಾಡಿನ ಕಡೆಗೆ ಕರೆದೊಯ್ಯುತ್ತದೆ. ಅವನು ಕೇಳಿ ಪರೀಕ್ಷಿಸಬಹುದು. ಮಾತು ಸುಳ್ಳಾದರೂ ಯಾರಿಗೂ ದೊಡ್ಡ ಹಾನಿಯಿಲ್ಲ. ‘ಇವರಿಗೆ ಅತಿಯಾಗಿ ಮನ್ನಣೆ ದೊರೆತಿದೆ’ ಎಂಬ ಮಾತು ಮಾತ್ರ ಬಾಗಿಲು ಮುಚ್ಚುತ್ತದೆ. ಆ ಕಲಾವಿದನನ್ನು ಮೆಚ್ಚಿದ ಸಾವಿರಾರು ಜನ ಮೋಸಹೋದರೆಂಬ ಆರೋಪವೂ ಅದರಲ್ಲಿ ಅಡಗಿದೆ. ಭೀಮಸೇನ ಜೋಶಿಯವರ ಪ್ರಸಿದ್ಧಿ ದಾಸರ ಪದಗಳಿಂದ, ಮರಾಠಿ ಅಭಂಗಗಳಿಂದ ಬಂದುದು, ಖ್ಯಾಲಿನಿಂದಲ್ಲ ಎಂದು ಮೂಗು ಮುರಿಯುವವರನ್ನು ಕಾಣುತ್ತೇವೆ. ಅಪಾರ ಜನಸ್ತೋಮದ ಹೃದಯವನ್ನು ಮುಟ್ಟುವುದೂ ಒಂದು ಸಾಮರ್ಥ್ಯವೇ ಅಲ್ಲವೆ? 2008ರಲ್ಲಿ ಅವರಿಗೆ ಘೋಷಿತವಾದ ಭಾರತರತ್ನದಿಂದ ಅವರ ಗುರುಭಗಿನಿ ಗಂಗೂಬಾಯಿಯವರ ಹಿರಿಮೆಯೇನೂ ಕುಂದಲಿಲ್ಲ.

ಒಬ್ಬನನ್ನು ಇಳಿಸದೆ ಇನ್ನೊಬ್ಬನನ್ನು ಏರಿಸಲಾಗದೆಂಬ ಭ್ರಮೆ ಎಷ್ಟು ಕ್ರೂರವಾಗಬಲ್ಲುದೆಂಬುದಕ್ಕೆ ಇಟಲಿಯ ಸಾಲಿಯೇರಿ ಸಾಕ್ಷಿ. 1791ರಲ್ಲಿ ಮೊಜಾರ್ಟನು ಮರಣಿಸಿದ ನಂತರ, ಸಾಲಿಯೇರಿ ಅವನಿಗೆ ವಿಷವಿಕ್ಕಿದನೆಂಬ ಆಧಾರವಿಲ್ಲದ ವದಂತಿ ಹುಟ್ಟಿತು. ಪುಷ್ಕಿನನ 1830ರ ನಾಟಕ, ಪೀಟರ್ ಶಾಫರನ 1979ರ ನಾಟಕ, 1984ರ ಚಲನಚಿತ್ರ ಇವೆಲ್ಲ ಅವನನ್ನು ಅಸೂಯೆಯ ಮೂರ್ತಿಯನ್ನಾಗಿ ಲೋಕದ ಮುಂದೆ ನಿಲ್ಲಿಸಿದವು. ಬೀಥೋವನ್, ಶೂಬರ್ಟ್, ಲಿಸ್ಟ್ ಇಂಥವರಿಗೆ ಪಾಠ ಹೇಳಿದ ಗುರು ಆತ. ಮೊಜಾರ್ಟನ ಕಿರಿಯ ಮಗನೂ ಅವನ ಶಿಷ್ಯನೇ. ಮೊಜಾರ್ಟ್ ದೊಡ್ಡವನಾಗಲು ಸಾಲಿಯೇರಿ ನೀಚನಾಗಬೇಕಾಗಿರಲಿಲ್ಲ.

ಹಾಗೆಂದು ಯಾರ ಕೀರ್ತಿಯನ್ನೂ ಪ್ರಶ್ನಿಸಕೂಡದೆ? ಇಲ್ಲಿ ಒಂದು ಬಲವಾದ ಆಕ್ಷೇಪಣೆಯನ್ನು ಎದುರಿಸಬೇಕಾಗುತ್ತದೆ. ಗೌರವ ಹಂಚಿದಷ್ಟೂ ಮುಗಿಯದು, ನಿಜ. ಆದರೆ ಗೌರವದ ಫಲಗಳಾದ ಸಂಭಾವನೆ, ವೇದಿಕೆ, ಸಮಯ ಇವು ಮಿತವಾಗಿವೆ. ಜಾತ್ರೆಯ ಸಂಗೀತ ಕಾರ್ಯಕ್ರಮಕ್ಕೆಂದು ಊರ ಹಿರಿಯರು ಪಟ್ಟಿ ಎತ್ತಿ ಕೂಡಿಸಿದ ಹಣದಲ್ಲಿ ಮುಕ್ಕಾಲು ಪಾಲು ದೂರದ ಒಂದು ಹೆಸರಿಗೆ ಹೋಗುತ್ತದೆ. ಜೀವಮಾನವಿಡೀ ಸಾಧನೆ ಮಾಡಿದ ಪಕ್ಕದೂರಿನ ಗವಾಯಿಗೆ ಒಂದು ಶಾಲು, ಒಂದು ತೆಂಗಿನಕಾಯಿ. ತಬಲಾ, ಹಾರ್ಮೋನಿಯಂ ಸಾಥಿಯವರ ಹೆಸರು ಕರಪತ್ರದಲ್ಲಿಯೂ ಇರುವುದಿಲ್ಲ. ದೊಡ್ಡ ಹೆಸರಿನಿಂದ ಜನ ಕೂಡುತ್ತಾರೆ, ಅದರಿಂದ ಚಿಕ್ಕವರಿಗೂ ಶ್ರೋತೃಗಳು ದೊರೆಯುತ್ತಾರೆ ಎಂದು ವ್ಯವಸ್ಥಾಪಕರು ಸಮಾಧಾನ ಹೇಳುವುದುಂಟು. ಆ ಮಾತು ಸುಳ್ಳಲ್ಲ. ಆದರೆ ಆ ಗವಾಯಿಯನ್ನು ಹಾಡಲು ಕೂಡಿಸಿದ್ದು ಜನ ಕೂಡಿದ ಮೇಲೋ, ಜಮಖಾನೆ ಹಾಸುವ ಹೊತ್ತಿನಲ್ಲೋ ಎಂಬುದನ್ನು ನೋಡಿದರೆ ಅದರ ಸತ್ಯಾಸತ್ಯತೆ ತಿಳಿದುಬರುತ್ತದೆ. ಕಾರಣ, ವ್ಯಕ್ತಿಯನ್ನು ತಗ್ಗಿಸುವ ಮಾತು ಬೇಡ. ಹಂಚಿಕೆಯನ್ನು ತಿದ್ದುವ ಕೆಲಸ ಬೇಕು. ಮೊದಲನೆಯದು ಅವರನ್ನು ಕುರಿತ ತೀರ್ಪು, ಎರಡನೆಯದು ನಮ್ಮ ನಡತೆಯನ್ನು ಕುರಿತ ತೀರ್ಪು. ನಮ್ಮ ಅಧಿಕಾರವಿರುವುದು ಎರಡನೆಯದರಲ್ಲಿ.

ಇನ್ನೊಂದು ಎಚ್ಚರವೂ ಅವಶ್ಯ. ಅಜ್ಞಾತರನ್ನು ಹೊಗಳುವುದರಲ್ಲಿಯೂ ಅಹಂಕಾರ ಸೇರಿಕೊಳ್ಳಬಲ್ಲುದು. ಲೋಕ ಕಾಣದ್ದನ್ನು ತಾನೊಬ್ಬನೇ ಕಂಡೆನೆಂಬ ಹೆಮ್ಮೆ ಅದು. ಮೈಹರಿನ ಅಲ್ಲಾವುದ್ದೀನ ಖಾನರ ಮಗಳು ಅನ್ನಪೂರ್ಣಾದೇವಿಯವರು ತಾರುಣ್ಯದಲ್ಲಿಯೇ ಕಚೇರಿಗಳನ್ನು ತ್ಯಜಿಸಿ, 2018ರಲ್ಲಿ ತೀರಿಕೊಳ್ಳುವವರೆಗೂ ಶಿಷ್ಯರಿಗೆ ಪಾಠ ಹೇಳುತ್ತ ಬಾಳಿದರು. ನಿಖಿಲ ಬ್ಯಾನರ್ಜಿ, ಹರಿಪ್ರಸಾದ ಚೌರಾಸಿಯಾ ಇಂಥವರು ಅವರಲ್ಲಿ ಕಲಿತರು. ಅವರ ವಾದನವನ್ನು ಕೇಳಿದವರು ಕೆಲವರೇ. ಆದರೂ ಪ್ರಸಿದ್ಧರೆಲ್ಲರಿಗಿಂತ ಅವರೇ ಮಿಗಿಲೆಂದು ಸಾಧಿಸುವವರು ಹಲವರು. ಆ ತಾಯಿಯ ಯೋಗ್ಯತೆಗೆ ಅವರ ಶಿಷ್ಯರೇ ಸಾಕ್ಷಿಯಾಗಿರುವಾಗ ಕೇಳದ ಸಂಗೀತಕ್ಕೆ ಅಂಕ ಕೊಡುವ ಆತುರವೇಕೆ? ತಾವಾಗಿ ಕೀರ್ತಿಯನ್ನು ಬಿಟ್ಟವರನ್ನು ಕೀರ್ತಿವಂಚಿತರ ಸಾಲಿಗೆ ಸೇರಿಸುವುದೂ ಅವರ ಸಂಕಲ್ಪಕ್ಕೆ ಮಾಡುವ ಅಗೌರವವೇ.

ಹಾಗಾದರೆ ತೀರ್ಪು ಕೊಡಲು ಅರ್ಹರು ಯಾರು? ನಮ್ಮ ಆಲಂಕಾರಿಕರು ಸಹೃದಯನೆಂಬ ಶಬ್ದದಿಂದ ಇದಕ್ಕೆ ಉತ್ತರ ಕೊಟ್ಟಿದ್ದಾರೆ. ಅಭಿನವಗುಪ್ತನ ಅಭಿಪ್ರಾಯದಲ್ಲಿ ಸಹೃದಯತೆ ಹುಟ್ಟಿನಿಂದ ಬಂದ ಹಕ್ಕಲ್ಲ. ದೀರ್ಘವಾದ ಅಭ್ಯಾಸದಿಂದ ಮನಸ್ಸು ಕನ್ನಡಿಯಂತೆ ನಿರ್ಮಲವಾದಾಗ ಬರುವ ಯೋಗ್ಯತೆ. ಸ್ಕಾಟ್ಲೆಂಡಿನ ತತ್ತ್ವಜ್ಞಾನಿ ಡೇವಿಡ್ ಹ್ಯೂಮನು 1757ರಲ್ಲಿ ಪ್ರಕಟಿಸಿದ ಪ್ರಬಂಧವೊಂದರಲ್ಲಿ ಇದೇ ಪ್ರಶ್ನೆಯನ್ನೆತ್ತಿ, ಸೂಕ್ಷ್ಮ ಸಂವೇದನೆ, ಅಭ್ಯಾಸ, ತುಲನೆ, ಪೂರ್ವಗ್ರಹದಿಂದ ಬಿಡುಗಡೆ ಮತ್ತು ವಿವೇಕ ಈ ಐದು ಇರುವವನ ಅಭಿಪ್ರಾಯಕ್ಕೆ ಬೆಲೆಯುಂಟೆಂದು ನಿರ್ಣಯಿಸಿದನು. ಏಳುನೂರಕ್ಕೂ ಹೆಚ್ಚು ವರ್ಷಗಳ ಅಂತರದಲ್ಲಿ ಎರಡು ದೇಶಗಳ ಇಬ್ಬರು ವಿದ್ವಾಂಸರು ಹೆಚ್ಚು ಕಡಿಮೆ ಒಂದೇ ಮಾತನ್ನು ಹೇಳಿದ್ದಾರೆ: ಕಲೆಯನ್ನು ತೂಗುವವನು ಮೊದಲು ತನ್ನನ್ನು ತಿದ್ದಿಕೊಳ್ಳಬೇಕು.

ಈ ತತ್ತ್ವವನ್ನು ನಿತ್ಯವ್ಯವಹಾರಕ್ಕೆ ತಂದರೆ ಹೀಗಾಗುತ್ತದೆ. ಒಬ್ಬ ಗಾಯಕನನ್ನು ಕುರಿತು ಮಾತನಾಡುವ ಮೊದಲು ಅವನ ಒಂದು ರಾಗವನ್ನಾದರೂ ಆರಂಭದಿಂದ ಕೊನೆಯವರೆಗೆ ಕೇಳಿರಬೇಕು. ನನಗೆ ಹಿಡಿಸಲಿಲ್ಲ ಎಂಬುದನ್ನು ಅದರಲ್ಲಿ ಗುಣವಿಲ್ಲ ಎಂದು ಹೇಳಬಾರದು. ಯಾರಿಗಾದರೂ ಅನ್ಯಾಯವಾಗಿದೆ ಎಂದು ಮನವರಿಕೆಯಾದರೆ ಬಾಯಿಮಾತಿನ ಮರುಕದಲ್ಲಿ ನಿಲ್ಲದೆ ಅವರನ್ನು ಕರೆಸಿ, ಒಳ್ಳೆಯ ಹೊತ್ತಿನಲ್ಲಿ ಹಾಡಿಸಿ, ತಕ್ಕ ಸಂಭಾವನೆ ಕೊಡಬೇಕು. ಮೆಂಡೆಲ್‌ಸನ್ ಬಾಖ್‌ನ ಪರವಾಗಿ ವಾದ ಮಾಡುತ್ತ ಕೂಡಲಿಲ್ಲ. ಅವನ ಕೃತಿಯನ್ನು ಹಾಡಿಸಿದನು.

ಗದುಗಿನ ವೀರೇಶ್ವರ ಪುಣ್ಯಾಶ್ರಮವನ್ನು ಕಟ್ಟಿ, 1944ರಲ್ಲಿ ಲಿಂಗೈಕ್ಯರಾದ ಪಂಚಾಕ್ಷರ ಗವಾಯಿಗಳನ್ನು ಯಾವ ಪಟ್ಟಿಯಲ್ಲಿ ಎಷ್ಟನೆಯ ಸ್ಥಾನದಲ್ಲಿ ಇಡುವುದು? ಕಣ್ಣಿಲ್ಲದ ಆ ಮಹಾನುಭಾವರು ಕಣ್ಣಿಲ್ಲದ ಮಕ್ಕಳಿಗೆ ಅನ್ನವನ್ನೂ ಸ್ವರವನ್ನೂ ಕೊಟ್ಟರು. ಅವರ ನಂತರ ಪುಟ್ಟರಾಜ ಗವಾಯಿಗಳು 2010ರವರೆಗೆ ಆ ಕಾಯಕವನ್ನು ನಡೆಸಿದರು. ಅಲ್ಲಿ ಕಲಿತು ಊರೂರುಗಳಲ್ಲಿ ಹಾರ್ಮೋನಿಯಂ ಮುಂದೆ ಕುಳಿತು ಮಕ್ಕಳಿಗೆ ಸರಳೆ ಹೇಳಿಕೊಡುತ್ತಿರುವವರು ಇಂದಿಗೂ ಇದ್ದಾರೆ. ಅವರ ಹೆಸರು ಯಾವ ವಾದದಲ್ಲಿಯೂ ಬರುವುದಿಲ್ಲ. ಹೆಚ್ಚಿನವರು ಯಾರು, ಕಡಿಮೆಯವರು ಯಾರು ಎಂದು ಚರ್ಚಿಸುವ ಸದ್ಭಕ್ತರು ತಮ್ಮ ಊರಿನಲ್ಲಿ ಅಂಥವರೊಬ್ಬರು ಇರುವರೇ ಎಂದು ವಿಚಾರಿಸಿ, ಬರುವ ಜಾತ್ರೆಯ ಪಟ್ಟಿಯಲ್ಲಿ ಅವರಿಗೆ ಸಲ್ಲಬೇಕಾದುದನ್ನು ಮೊದಲು ಬರೆದಿಟ್ಟು, ಆಮೇಲೆ ಉಳಿದ ಹೆಸರುಗಳನ್ನು ಬರೆಯಲಿ.