ವ್ರತಕ್ಕೆ ಮುನ್ನ ಶಕ್ತಿಯ ಅರಿವು



ರೋಗಪೀಡಿತನಾದ ಶ್ರಾವಕನು ತನ್ನ ರೋಗವನ್ನು ಮರೆಮಾಚಿ ಪರ್ವದಿನದ ಉಪವಾಸವನ್ನು ಕೈಗೊಂಡರೆ ಅದು ತಪಸ್ಸೆನಿಸುವುದೇ? ಪಾಂಡಿತ್ಯದ ಪ್ರದರ್ಶನಕ್ಕಾಗಿ ಈ ಪ್ರಶ್ನೆಯನ್ನು ಎತ್ತುತ್ತಿಲ್ಲ. ನಮ್ಮ ಮನೆಯಲ್ಲಿಯೇ ನಡೆದ ಒಂದು ಪ್ರಸಂಗ ನನ್ನನ್ನು ಇಂದಿಗೂ ಕಾಡುತ್ತಿದೆ.

2011ರ ದಶಲಕ್ಷಣ ಪರ್ವದಲ್ಲಿ ನನ್ನ ಅತ್ತಿಗೆಯವರು ಅಷ್ಟಮಿಯ ಪ್ರೋಷಧೋಪವಾಸವನ್ನು ಸ್ವೀಕರಿಸಿದರು. ಅವರು ಸಕ್ಕರೆ ಕಾಯಿಲೆಗೆ ದಿನವೂ ಗುಳಿಗೆ ಸೇವಿಸುತ್ತಿದ್ದರು. ವ್ರತವನ್ನು ಕೊಟ್ಟ ಪೂಜ್ಯರಿಗೆ ಅವರು ಅದನ್ನು ತಿಳಿಸಲಿಲ್ಲ. ಪಕ್ಕದಲ್ಲಿಯೇ ಇದ್ದ ನಾನೂ ತಿಳಿಸಲಿಲ್ಲ. ಅಷ್ಟೇ ಅಲ್ಲ, ಸಪ್ತಮಿಯ ಸಂಜೆ ಬಸದಿಯ ಶಾಸ್ತ್ರಸಭೆಯಲ್ಲಿ ಅವರ ದೃಢತೆಯನ್ನು ಕೊಂಡಾಡಿದವನೂ ನಾನೇ. ಮರುದಿನ ಬೆಳಿಗ್ಗೆ ಪೂಜೆಯ ವೇಳೆ ಅವರ ಮೈ ಬೆವರಿತು, ಕೈ ನಡುಗಿತು, ಮಾತು ತೊದಲಿತು. ಉಪವಾಸದ ಆಯಾಸವೆಂದು ನಾವು ಸುಮ್ಮನಿದ್ದೆವು. ಪ್ರಜ್ಞೆ ತಪ್ಪಿದ ಬಳಿಕವೇ ಆಸ್ಪತ್ರೆಗೆ ಒಯ್ದೆವು. ಸಪ್ತಮಿಯ ಏಕಭುಕ್ತದೊಡನೆ ನುಂಗಿದ ಗುಳಿಗೆಯ ಪ್ರಭಾವ ಇನ್ನೂ ಇಳಿದಿರಲಿಲ್ಲ. ರಕ್ತದಲ್ಲಿನ ಸಕ್ಕರೆ ಮಾತ್ರ ಅಪಾಯದ ಮಟ್ಟಕ್ಕೆ ಇಳಿದಿತ್ತು. ಅವರ ಪುಣ್ಯದಿಂದ ಜೀವ ಉಳಿಯಿತು. ಮೂವತ್ತು ವರ್ಷ ಶಾಲೆಯಲ್ಲಿ ಶರೀರದ ಪಾಠವನ್ನು ಹೇಳಿದ ನಾನು ಮನೆಯಲ್ಲಿ ಅದನ್ನು ಮರೆತಿದ್ದೆ.

ಆ ಪಾಠವನ್ನು ಇಲ್ಲಿ ಸಂಕ್ಷೇಪವಾಗಿ ಹೇಳುತ್ತೇನೆ. ನಾವು ಉಂಡ ಅನ್ನವು ಜೀರ್ಣವಾಗಿ ಗ್ಲೂಕೋಸ್ ಎಂಬ ಸಕ್ಕರೆಯಾಗಿ ರಕ್ತವನ್ನು ಸೇರುತ್ತದೆ. ಮಿಕ್ಕಿದ ಅಂಶದಲ್ಲಿ ಸುಮಾರು 100 ಗ್ರಾಂನಷ್ಟನ್ನು ಯಕೃತ್ತು ಗ್ಲೈಕೋಜನ್ ರೂಪದಲ್ಲಿ ಕೂಡಿಡುತ್ತದೆ. ಆಹಾರ ನಿಂತಾಗ ಈ ಸಂಗ್ರಹವೇ ಮಿದುಳಿಗೆ ಆಧಾರ. ಇದು ಹೆಚ್ಚುಕಡಿಮೆ ಒಂದು ದಿನದಲ್ಲಿ ತೀರುತ್ತದೆ. ಅನಂತರ ಶರೀರವು ಮುಖ್ಯವಾಗಿ ಕೊಬ್ಬನ್ನು ಕರಗಿಸಿಕೊಳ್ಳುತ್ತದೆ. ಪ್ರೋಷಧೋಪವಾಸವಾದರೋ ಸಪ್ತಮಿಯ ಮಧ್ಯಾಹ್ನದಿಂದ ನವಮಿಯ ಮಧ್ಯಾಹ್ನದವರೆಗೆ, ಅಂದರೆ 16 ಪ್ರಹರ, 48 ಗಂಟೆ. ಆರೋಗ್ಯವಂತನ ಶರೀರ ಇದನ್ನು ಸಾಮಾನ್ಯವಾಗಿ ತಾಳಿಕೊಳ್ಳುತ್ತದೆ. ಆದರೆ ಮಧುಮೇಹದ ಕೆಲವು ಗುಳಿಗೆಗಳೂ ಇನ್ಸುಲಿನ್ನೂ, ಊಟ ಮಾಡದಿದ್ದರೂ ಸಕ್ಕರೆಯನ್ನು ಇಳಿಸುತ್ತಲೇ ಇರುತ್ತವೆ. ಅದು ಡೆಸಿಲೀಟರಿಗೆ 70 ಮಿಲಿಗ್ರಾಂಗಿಂತ ಕೆಳಗಿಳಿದರೆ ಬೆವರು, ನಡುಕ, ಎದೆಬಡಿತ, ಬುದ್ಧಿಭ್ರಮೆ ತೋರಬಹುದು. ಹಾಗೆಂದು ಔಷಧವನ್ನು ತಾವಾಗಿಯೇ ನಿಲ್ಲಿಸುವುದೂ ಅಪಾಯಕರ. ಇನ್ನು ನೀರಿನ ವಿಚಾರ. ಚತುರ್ವಿಧ ಆಹಾರವನ್ನು ತ್ಯಜಿಸಿದವರು ನೀರನ್ನೂ ಮುಟ್ಟುವುದಿಲ್ಲ. ಆದರೂ ಉಸಿರು, ಬೆವರು, ಮೂತ್ರಗಳ ಮೂಲಕ ನೀರು ಹೊರಹೋಗುತ್ತಲೇ ಇರುತ್ತದೆ. ಮೂತ್ರಪಿಂಡದ ರೋಗಿಗಳಿಗೂ ಗರ್ಭಿಣಿಯರಿಗೂ ಎದೆಹಾಲೂಡುವ ತಾಯಂದಿರಿಗೂ ವೃದ್ಧರಿಗೂ ಇದು ಹಾನಿಯನ್ನು ತರಬಲ್ಲದು.

ಶಾಸ್ತ್ರವು ಇದನ್ನು ಅರಿಯದೆ ಇಲ್ಲ. ಷೋಡಶಕಾರಣ ಭಾವನೆಗಳಲ್ಲಿ ತಪಸ್ಸಿಗೆ ‘ಶಕ್ತಿತಃ’ ಎಂಬ ವಿಶೇಷಣ ಸುಮ್ಮನೆ ಬಂದುದಲ್ಲ. ಶಕ್ತಿಯನ್ನು ಬಚ್ಚಿಡಬಾರದು, ಇಲ್ಲದ ಶಕ್ತಿಯನ್ನು ನಟಿಸಲೂ ಬಾರದು. ಶಲ್ಯರಹಿತನಾದವನೇ ವ್ರತಿ; ಮೂರು ಶಲ್ಯಗಳಲ್ಲಿ ಮಾಯೆಯೂ ಒಂದು. ರೋಗವನ್ನು ಮರೆಮಾಚಿ ಕೈಗೊಂಡ ವ್ರತದೊಳಗೆ ಆ ಮುಳ್ಳು ಮೊದಲೇ ನಾಟಿರುತ್ತದೆ. ಅದನ್ನು ನಾಟಿಸುವವರು ಅನೇಕ ವೇಳೆ ನಾವೇ. ಅನಶನ ಮಾಡಿದವರ ಹೆಸರನ್ನು ಸಭೆಯಲ್ಲಿ ಹೊಗಳಿ, ಮಾಡದವರ ಮುಂದೆ ಮೌನ ವಹಿಸಿದರೆ, ನಮ್ಮ ಮನೆಯ ಹೆಣ್ಣುಮಕ್ಕಳು ಗುಳಿಗೆಯ ಪೊಟ್ಟಣವನ್ನು ಸೆರಗಿನಲ್ಲಿ ಮುಚ್ಚಿಡದೆ ಇನ್ನೇನು ಮಾಡಿಯಾರು?

“ದೇಹವು ನಶ್ವರವಲ್ಲವೇ, ಅದರ ಮೇಲೇಕೆ ಇಷ್ಟು ಮಮತೆ?” ಎಂದು ಕೆಲವರು ಆಕ್ಷೇಪಿಸಬಹುದು. ದೇಹವು ಆತ್ಮವಲ್ಲ ಎಂಬುದು ನಿಜ. ಆದರೆ ಸಂಯಮವನ್ನು ಸಾಧಿಸಬೇಕಾದುದು ಈ ದೇಹದಿಂದಲೇ. ಸಲ್ಲೇಖನವು ಬೇರೆಯೇ ಒಂದು ವ್ರತ. ಅದಕ್ಕೆ ತಕ್ಕ ಕಾಲ, ವಿವೇಕ, ಗುರುವಿನ ಅನುಜ್ಞೆ ಬೇಕು. ಅಜಾಗರೂಕತೆಯಿಂದ ಪ್ರಾಣಕ್ಕೆ ಎರವಾದ ಪರ್ವದ ಉಪವಾಸವು ಸಲ್ಲೇಖನವಾಗದು, ಅದು ಪ್ರಮಾದವಷ್ಟೇ. ದೇಹರಕ್ಷಣೆ ಧರ್ಮಕ್ಕೆ ಹೊರತಾಗಿದ್ದರೆ ಔಷಧದಾನವು ಚತುರ್ವಿಧ ದಾನಗಳಲ್ಲಿ ಸೇರುತ್ತಿರಲಿಲ್ಲ. 9ನೆಯ ಶತಮಾನದ ಉಗ್ರಾದಿತ್ಯಾಚಾರ್ಯರು ಮದ್ಯ, ಮಾಂಸ, ಮಧುಗಳನ್ನು ವರ್ಜಿಸಿ ‘ಕಲ್ಯಾಣಕಾರಕ’ವೆಂಬ ವೈದ್ಯಗ್ರಂಥವನ್ನು ರಚಿಸುತ್ತಿರಲಿಲ್ಲ.

ಆದುದರಿಂದ ನನ್ನ ಬಿನ್ನಹವಿಷ್ಟು. ಔಷಧ ಸೇವಿಸುವವರು ಪರ್ವಕ್ಕೆ ಮುನ್ನವೇ ವೈದ್ಯರನ್ನು ಕಾಣಲಿ. ರಾತ್ರಿಭೋಜನ ತ್ಯಾಗದ ನಿಯಮವನ್ನೂ ಅವರಿಗೆ ತಿಳಿಸಿ ಗುಳಿಗೆಯ ಹೊತ್ತನ್ನೂ ಪ್ರಮಾಣವನ್ನೂ ಕೇಳಿಕೊಳ್ಳಲಿ. ಏಕಾಶನಕ್ಕೂ ಈ ವಿಚಾರಣೆ ಬೇಕು. ವ್ರತವನ್ನು ಕೊಡುವ ಪೂಜ್ಯರಿಗೆ ರೋಗವನ್ನು ನಿವೇದಿಸಲಿ. ಮಧುಮೇಹಿಗೆ ಮೇಲೆ ಹೇಳಿದ ಲಕ್ಷಣಗಳು ಕಂಡಾಗ ಎಚ್ಚರವಿದ್ದರೆ ಮೂರು ಸಣ್ಣ ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕೂಡಲೇ ಕುಡಿಸಿರಿ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಿರಿ. ವ್ರತಭಂಗಕ್ಕೆ ಪ್ರಾಯಶ್ಚಿತ್ತವುಂಟು, ಹೋದ ಪ್ರಾಣಕ್ಕೆ ಇಲ್ಲ. ತಪಸ್ಸಿನ ಹನ್ನೆರಡು ಭೇದಗಳಲ್ಲಿ ಅನಶನವು ಒಂದು ಮಾತ್ರ. ಸ್ವಾಧ್ಯಾಯ, ವಿನಯ, ವೈಯಾವೃತ್ತ್ಯಗಳ ಬಾಗಿಲು ರೋಗಿಗೂ ತೆರೆದೇ ಇದೆ.

ಅತ್ತಿಗೆಯವರು ಮರುವರ್ಷದ ಪರ್ವದಲ್ಲಿ ವೈದ್ಯರು ಹೇಳಿದಂತೆ ಹೊತ್ತಿಗೆ ಸರಿಯಾಗಿ ಉಂಡು, ಹತ್ತು ದಿನವೂ ಸ್ವಾಧ್ಯಾಯವನ್ನು ನಡೆಸಿದರು. ಶಾಸ್ತ್ರಸಭೆಯಲ್ಲಿ ಅವರ ಹೆಸರನ್ನು ಯಾರೂ ಹೇಳಲಿಲ್ಲ. ಅಂದು ನಾನು ಎದ್ದು ನಿಂತು, ಹಿಂದಿನ ವರ್ಷದ ನನ್ನ ತಪ್ಪನ್ನು ಸಭೆಯ ಮುಂದೆ ಆಲೋಚನೆ ಮಾಡಿಕೊಂಡೆನು.