ಎರವಲು ಮಾತು, ಎಲ್ಲರ ಮನಸ್ಸು

ಮನುಷ್ಯನ ಸುಖದುಃಖಗಳು ಅವನವನವೇ ಆದರೂ, ಒಂದು ಊರಿಗೆ, ಒಂದು ಸೀಮೆಗೆ ಒಟ್ಟಾಗಿ ಒಂದು ಮನಸ್ಸೆಂಬುದು ಉಂಟು. ಮಳೆ ತಪ್ಪಿದ ವರ್ಷ ಅದು ಕುಗ್ಗುವುದು; ಹೊಳೆ ತುಂಬಿ ಬಂದಾಗ ಹಿಗ್ಗುವುದು. ಈ ಲೋಕಚಿತ್ತವು ಗ್ರಂಥಗಳಲ್ಲಿ ಕಾಣಿಸಿಕೊಳ್ಳುವುದಕ್ಕೆ ಬಹಳ ಮೊದಲೇ, ಸಂತೆಯಲ್ಲಿ, ಬಸ್ಸಿನಲ್ಲಿ, ಕಚೇರಿಯ ಕಟ್ಟೆಯ ಮೇಲೆ ಜನರು ಆಡುವ ಎರಡು ಮೂರು ಬಳಕೆಯ ಮಾತುಗಳಲ್ಲಿ ಮೂಡಿಬಿಡುತ್ತದೆ. ಆ ಮಾತುಗಳನ್ನು ಮೊದಲು ಆಡಿದವರಾರೋ ತಿಳಿಯದು; ಆದರೆ ಆಡದವರು ಯಾರೂ ಇಲ್ಲ. ಹೀಗೆ ಎಲ್ಲರದೂ ಆಗಿ ಯಾರೊಬ್ಬರದೂ ಅಲ್ಲದ ಮಾತಿಗೆ ಹೊಣೆಗಾರರು ಯಾರು ಎಂಬುದು ವಿಚಾರಾರ್ಹವಾದ ಪ್ರಶ್ನೆ.

ಸುರಪುರದ ಸೀಮೆಯಲ್ಲಿ ಈ ಪ್ರಶ್ನೆಗೆ ವಿಶೇಷವಾದ ಅರ್ಥವುಂಟು. ಏಕೆಂದರೆ ಇಲ್ಲಿಯ ಜನರು ಮನಸ್ಸಿನ ಮಾತನ್ನು ಹಲವು ಸಲ ಎರವಲು ತಂದವರು. ನಾಯಕ ಅರಸರ ಈ ಸಂಸ್ಥಾನವು, ರಾಜಾ ವೆಂಕಟಪ್ಪ ನಾಯಕನ 1858ರ ಬಂಡಾಯದ ತರುವಾಯ, 1860ರಲ್ಲಿ ನಿಜಾಮರ ರಾಜ್ಯಕ್ಕೆ ಸೇರಿಹೋಯಿತು. ಆ ರಾಜ್ಯದ ಕಚೇರಿಯ ಭಾಷೆ ಮೊದಲು ಪಾರಸಿ, ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಿಂದ ಉರ್ದು. 1948ರ ಸೆಪ್ಟೆಂಬರಿನಲ್ಲಿ ಹೈದರಾಬಾದು ಭಾರತದಲ್ಲಿ ವಿಲೀನವಾಗುವವರೆಗೂ ಅರ್ಜಿ ಬರೆಯಬೇಕಾದ ಭಾಷೆ ಒಂದು, ಅಳಬೇಕಾದ ಭಾಷೆ ಇನ್ನೊಂದು ಆಗಿತ್ತು. ಆದರೂ ಕಚೇರಿಯ ನುಡಿ ಅಡಿಗೆಮನೆಗೆ ಬಾರದೆ ಇರಲಿಲ್ಲ. 'ಬೇಜಾರು' ಪಾರಸಿಯಿಂದ ಬಂದ ಪದ, 'ಖುಷಿ'ಯೂ ಅಲ್ಲಿಂದಲೇ. ದಿಗ್ಭ್ರಮೆಗೊಂಡವನನ್ನು ಹೇಳುತ್ತಿದ್ದ 'ಹೈರಾಣ' ಎಂಬ ಪದವು ಕನ್ನಡದಲ್ಲಿ ದಣಿದು ಸಾಕಾದವನ ಹೆಸರಾಯಿತು. ಪದದ ಅರ್ಥವು ಹೀಗೆ ಬದಲಾದುದು ಯಾವ ಪಂಡಿತರ ತೀರ್ಮಾನದಿಂದಲೂ ಅಲ್ಲ. ಕಚೇರಿಯಿಂದ ಕಚೇರಿಗೆ ಅಲೆದವನಿಗೆ ದಿಗ್ಭ್ರಮೆಯೂ ದಣಿವೂ ಒಂದೇ ಆಗಿ ತೋರಿದ್ದರೆ ಆಶ್ಚರ್ಯವಿಲ್ಲ.

ಇಂಗ್ಲಿಷು ಈ ಊರಿಗೆ ಹೊಸದಲ್ಲ. 1841ರಲ್ಲಿ ಬಂದು ಹಲವು ವರ್ಷ ಸಂಸ್ಥಾನದ ಆಡಳಿತವನ್ನು ನೋಡಿಕೊಂಡ ಮೆಡೋಸ್ ಟೇಲರನ ಮನೆ ಇಂದಿಗೂ ಗುಡ್ಡದ ಮೇಲೆ ಟೇಲರ್ ಮಂಜಿಲ್ ಎಂಬ ಹೆಸರಿನಲ್ಲಿ ನಿಂತಿದೆ. ಅಂದು ಒಬ್ಬ ಅಧಿಕಾರಿಯ ನಾಲಗೆಯಲ್ಲಿದ್ದ ಭಾಷೆಯ ಚೂರುಗಳು ಇಂದು ಹೊಲಕ್ಕೆ ಹೋಗುವವರ ನಾಲಗೆಯಲ್ಲಿಯೂ ಆಡುತ್ತಿವೆ. ಟೆನ್ಷನ್, ಅಡ್ಜಸ್ಟ್, ಬ್ಯಾಕ್‌ವರ್ಡ್, ಟೇಲ್ ಎಂಡ್: ಈ ನಾಲ್ಕನ್ನು ಪರೀಕ್ಷಿಸಿದರೆ ಸಾಕು, ಈ ಕಾಲದ ಜನಮನಸ್ಸಿನ ಬಹುಭಾಗವು ತೆರೆದುಕೊಳ್ಳುತ್ತದೆ.

ಮೊದಲನೆಯದು ಟೆನ್ಷನ್. ಚಿಂತೆ, ಕಳವಳ, ತಳಮಳ, ದಿಗಿಲು ಎಂಬ ಬೇರೆ ಬೇರೆ ಛಾಯೆಯ ಮಾತುಗಳು ಇದ್ದೆಡೆಯಲ್ಲಿ ಈಗ ಇದೊಂದೇ ನಿಂತಿದೆ. ಸಾಲದ ಕಂತು ತಪ್ಪಿದ ತಂದೆಗೂ ಟೆನ್ಷನ್, ಪರೀಕ್ಷೆ ಬರೆಯುವ ಮಗಳಿಗೂ ಟೆನ್ಷನ್. ಇದು ನುಡಿಯ ಬಡತನವೆಂದು ಹಳಿಯುವುದು ಸುಲಭ. ಆದರೆ ಅದರ ಉಪಕಾರವನ್ನೂ ನೋಡಬೇಕು. 'ಹೆದರಿಕೆಯಾಗಿದೆ' ಎನ್ನಲು ನಾಚುವ ಗಂಡಸು 'ಟೆನ್ಷನ್ ಆಗ್ಯದ' ಎಂದು ನಾಲ್ವರ ಮುಂದೆ ನಿಸ್ಸಂಕೋಚವಾಗಿ ಹೇಳುತ್ತಾನೆ. ಹೇಳಿದೊಡನೆ ಆ ನಾಲ್ವರೂ ತಲೆದೂಗುತ್ತಾರೆ. ತನ್ನ ಕಷ್ಟವು ತನ್ನೊಬ್ಬನದೇ ಅಲ್ಲವೆಂಬ ಸಮಾಧಾನವು ಅವನಿಗೆ ದೊರೆಯುತ್ತದೆ. ಸಮಾನವಾದ ಮಾತಿನ ಮೊದಲನೆಯ ಧರ್ಮವೇ ಇದು. ಅದರ ದೋಷವೂ ಇದರ ಬೆನ್ನಿಗೇ ಇರುತ್ತದೆ: ಆಗಿದೆ ಎಂದಮೇಲೆ ಮಾಡಿದವರು ಯಾರೆಂದು ಕೇಳುವವರಿಲ್ಲ. ಬಡ್ಡಿ ಏರಿಸಿದವನೂ ಬೆಳೆಗೆ ಬೆಲೆ ಇಳಿಸಿದವನೂ ಮಳೆಗಾಳಿಗಳಂತೆ ದೈವಾಧೀನವಾಗಿಬಿಡುತ್ತಾರೆ.

ಎರಡನೆಯ ಮಾತು ಇನ್ನೂ ಸೂಕ್ಷ್ಮವಾದುದು. ಕಲಬುರಗಿಗೆ ಹೋಗುವ ಬಸ್ಸಿನಲ್ಲಿ ಮೂವರು ಕೂಡುವ ಆಸನದಲ್ಲಿ, ಕೂಸನ್ನೆತ್ತಿಕೊಂಡ ತಾಯಿಗೆ ಸರಿದು ಎಡೆಗೊಟ್ಟವನು, 'ಇರಲಿ ಬಿಡ್ರೀ, ಅಡ್ಜಸ್ಟ್ ಮಾಡಿಕೊಳ್ಳೋಣು' ಎಂದರೆ ಅದು ದಾಕ್ಷಿಣ್ಯದ ಮಾತು, ನೆರೆಹೊರೆಯ ಮಾತು. ಅದೇ ಮಾತನ್ನು ಕಚೇರಿಯ ಮೇಜಿನ ಆಚೆ ಕುಳಿತವನು, ಮೂರನೆಯ ಸಲ ಬರಿಗೈಯಲ್ಲಿ ಹಿಂದಿರುಗುವ ಮುದುಕಿಗೆ ಹೇಳಿದರೆ? ಮನೆಯ ಹಿರಿಯರು ಬೆಳಗಿನಿಂದ ದುಡಿದ ಸೊಸೆಗೆ ಹೇಳಿದರೆ? ಅಕ್ಷರ ಅದೇ, ರಾಗವೂ ಅದೇ. ಆದರೆ ಅರ್ಥ ತಿರುಗಿತು. ಮೊದಲನೆಯ ಕಡೆ ಆಡಿದವನೇ ಮಾತಿನ ಬೆಲೆಯನ್ನು ತೆತ್ತನು. ಎರಡನೆಯ ಕಡೆ ಆಡಿದವನು ಒಬ್ಬ, ತೆತ್ತವಳು ಇನ್ನೊಬ್ಬಳು. ಇಂಗ್ಲಿಷು ಪದವನ್ನು ಕಿತ್ತು 'ಹೊಂದಿಕೊಂಡು ಹೋಗು' ಎಂಬ ಅಚ್ಚಗನ್ನಡವನ್ನು ಇಟ್ಟರೆ ಈ ಅನ್ಯಾಯವು ಒಂದು ಗುಲಗಂಜಿಯಷ್ಟೂ ಕಡಿಮೆಯಾಗದು. ಆದುದರಿಂದ ನುಡಿಯ ಶುದ್ಧಿಗಿಂತ ನಡೆಯ ಶುದ್ಧಿಯೇ ಇಲ್ಲಿ ಮುಖ್ಯ.

ಮೂರನೆಯದು ಬ್ಯಾಕ್‌ವರ್ಡ್. ಇದು ವರದಿಗಳಿಂದ ಬಂದ ಮಾತು. ಡಾ. ನಂಜುಂಡಪ್ಪನವರ ಸಮಿತಿಯು 2002ರಲ್ಲಿ ಕರ್ನಾಟಕದ 39 ತಾಲ್ಲೂಕುಗಳನ್ನು ಅತ್ಯಂತ ಹಿಂದುಳಿದವು ಎಂದು ಎಣಿಸಿತು. ಅವುಗಳಲ್ಲಿ 21 ಅಂದಿನ ಗುಲ್ಬರ್ಗಾ ವಿಭಾಗದವು. ಸಂವಿಧಾನದ 371ನೆಯ ವಿಧಿಗೆ ಜೆ ಎಂಬ ಭಾಗವು ಸೇರಿ, 2013ರಿಂದ ಈ ಸೀಮೆಯವರಿಗೆ ಶಿಕ್ಷಣದಲ್ಲಿಯೂ ನೌಕರಿಯಲ್ಲಿಯೂ ವಿಶೇಷವಾದ ಅವಕಾಶ ದೊರೆಯಿತು. ಹಕ್ಕನ್ನು ಕೇಳುವವನ ಬಾಯಲ್ಲಿ ಆ ಪದವು ಸಾಕ್ಷ್ಯದಂತಿರುತ್ತದೆ. ಆದರೆ ಅದೇ ಪದವು ಇಂದು ನಿಟ್ಟುಸಿರೂ ಆಗಿದೆ. 'ನಮ್ಮದು ಬ್ಯಾಕ್‌ವರ್ಡ್ ಏರಿಯಾ, ಇಷ್ಟೇ ನೋಡ್ರೀ' ಎಂದು ಪಾಠ ಹೇಳಬೇಕಾದವನೇ ಅಂದರೆ, ಮಗುವಿಗೆ ಸಲ್ಲಬೇಕಾದ ಪಾಠವು ಆ ಒಂದು ಮಾತಿನಲ್ಲಿ ಮುಳುಗಿತು. ಸಾಕ್ಷ್ಯವಾಗಿದ್ದುದು ಸಬೂಬಾಯಿತು.

ಇಂತಹ ಮನಸ್ಸನ್ನು ಆಜ್ಞೆಯಿಂದ ತಿದ್ದಬಹುದೆ? 2019ರಲ್ಲಿ ಹೈದರಾಬಾದ್ ಕರ್ನಾಟಕವೆಂಬ ಹೆಸರು ಹೋಗಿ ಕಲ್ಯಾಣ ಕರ್ನಾಟಕವೆಂಬ ಹೆಸರು ಬಂದಿತು. ಬಸವಾದಿ ಶರಣರ ನೆನಪನ್ನು ತರುವ ಆ ಹೆಸರು ಸೊಗಸಾದುದೇ. ಆದರೆ ಹೆಸರಿನಷ್ಟು ಬೇಗನೆ ಉಸಿರು ಬದಲಾಗುವುದಿಲ್ಲ. ಬ್ರಿಟನ್ನಿನಲ್ಲಿ 1939ರಲ್ಲಿ, ಯುದ್ಧದ ಆರಂಭಕ್ಕೆ, ಜನರು ಶಾಂತರಾಗಿದ್ದು ಕೆಲಸ ಮುಂದುವರಿಸಬೇಕೆಂಬ ಭಿತ್ತಿಪತ್ರವನ್ನು ಸರಕಾರವು ಲಕ್ಷಗಟ್ಟಲೆ ಅಚ್ಚು ಮಾಡಿಸಿತು. ಅದನ್ನು ಗೋಡೆಗಳಿಗೆ ಹಚ್ಚಿದುದು ಇಲ್ಲವೆಂಬಷ್ಟು ಕಡಿಮೆ. 2000ದಲ್ಲಿ ಹಳೆಯ ಪುಸ್ತಕದ ಅಂಗಡಿಯೊಂದರಲ್ಲಿ ಒಂದು ಪ್ರತಿ ಸಿಕ್ಕ ಮೇಲೆ, ಆ ಮಾತು ಜಗತ್ತಿನ ಚಹದ ಬಟ್ಟಲುಗಳ ಮೇಲೆಲ್ಲ ಏರಿತು. ಅರಸು ಬೇಕೆಂದಾಗ ಜನರನ್ನು ಮುಟ್ಟದ ಮಾತನ್ನು, ಜನರು ತಮಗೆ ಬೇಕಾದಾಗ ತಾವೇ ಎತ್ತಿಕೊಂಡರು.

ಇನ್ನು ನಾಲ್ಕನೆಯದು. ನಾರಾಯಣಪುರದಲ್ಲಿ ಕೃಷ್ಣೆಗೆ ಕಟ್ಟಿದ ಬಸವಸಾಗರದಿಂದ ಹೊರಟ ಕಾಲುವೆಯ ಕೊನೆಯ ಹೊಲಗಳವರು ತಮ್ಮನ್ನು ಟೇಲ್ ಎಂಡಿನವರು ಎಂದು ಕರೆದುಕೊಳ್ಳುತ್ತಾರೆ. ಇದೂ ಇಂಗ್ಲಿಷೇ, ಇದೂ ನೋವಿನ ಮಾತೇ. ಆದರೆ ಉಳಿದ ಮಾತುಗಳಿಗಿಲ್ಲದ ಒಂದು ಗುಣ ಇದಕ್ಕುಂಟು. ಬಾಲವೆಂದೊಡನೆ ತಲೆಯೊಂದು ಇರಲೇಬೇಕು. ನೀರು ಎಲ್ಲಿಂದ ಹೊರಟಿತು, ನಡುವೆ ಎಲ್ಲಿ ನಿಂತಿತು, ಯಾರ ಹೊಲದಲ್ಲಿ ಹೆಚ್ಚಾಗಿ ಹರಿಯಿತು ಎಂಬ ಪ್ರಶ್ನೆಯು ಆ ಪದದ ಹೊಟ್ಟೆಯಲ್ಲಿಯೇ ಇದೆ. ಇದನ್ನು ಆಡಿದವನು ದುಃಖವನ್ನು ತೋಡಿಕೊಳ್ಳುವುದರೊಂದಿಗೆ ಲೆಕ್ಕವನ್ನೂ ಕೇಳುತ್ತಾನೆ.

ಇದರಿಂದ ತಿಳಿಯುವುದಿಷ್ಟು. ಲೋಕಚಿತ್ತದಲ್ಲಿ ಪಾಲುಗೊಂಡುದಕ್ಕೆ ಯಾರನ್ನೂ ದೂಷಿಸುವಂತಿಲ್ಲ. ಊರೇ ಕುಗ್ಗಿದಾಗ ಒಬ್ಬನು ಹಿಗ್ಗಬೇಕೆನ್ನುವುದು ಧರ್ಮವಲ್ಲ. ಆದರೆ ಎಲ್ಲರೂ ಆಡುವ ಮಾತೆಂಬ ಕಾರಣದಿಂದ ಆಡಿದವನ ಹೊಣೆ ತಪ್ಪುವುದಿಲ್ಲ. ಮಾತು ಎರವಲು ತಂದುದಾಗಿರಬಹುದು. ಅದನ್ನು ಯಾರೆದುರಿಗೆ, ಯಾವ ಹೊತ್ತಿನಲ್ಲಿ ಆಡಿದೆನೆಂಬುದು ಅವನವನ ಸ್ವಂತದ್ದು. ತನ್ನ ಮಾತಿನ ಬೆಲೆಯನ್ನು ತಾನು ತೆರುತ್ತಿರುವೆನೆ, ಎದುರಿಗಿರುವವರಿಂದ ತೆರಿಸುತ್ತಿರುವೆನೆ ಎಂದು ಒಮ್ಮೆ ಕೇಳಿಕೊಂಡು ನುಡಿಯುವವನು, ಪಾರಸಿಯ ಪದವನ್ನಾಡಲಿ, ಇಂಗ್ಲಿಷಿನದನ್ನಾಡಲಿ, ಸತ್ಯವನ್ನೇ ಆಡಿದಂತೆ. ಮುಂದಿನ ಸಲ ಕಚೇರಿಯ ಕಿಟಕಿಯಲ್ಲಿ ಮುದುಕಿಯೊಬ್ಬಳು ಕಾಗದ ಹಿಡಿದು ನಿಂತಾಗ, ಸರಿದು ಎಡೆಗೊಡಬೇಕಾದವರು ಯಾರೆಂಬುದು ಅಂತಹವನಿಗೆ ಯಾರೂ ಹೇಳದೆಯೇ ತಿಳಿದಿರುತ್ತದೆ.