ಬಣ್ಣ ಸ್ವಲ್ಪ ಕಡಿಮೆ

“ಹುಡುಗಿ ಲಕ್ಷಣವಾಗಿದ್ದಾಳೆ, ಬಣ್ಣ ಸ್ವಲ್ಪ ಕಡಿಮೆ, ಅಷ್ಟೆ.” ಈ ಮಾತನ್ನು ಆಡದ, ಇಲ್ಲವೆ ಆಡಿಸಿಕೊಳ್ಳದ ಮನೆ ನಮ್ಮ ಕಡೆ ಸಿಗುವುದು ಕಷ್ಟ. ಬಣ್ಣವೆಂದರೆ ಪಾವು ಸೇರುಗಳಲ್ಲಿ ಅಳೆದು ಕೊಡುವ ಪದಾರ್ಥವೇನೋ ಎಂಬಂತೆ ಅದಕ್ಕೊಂದು ಕಡಿಮೆ, ಜಾಸ್ತಿ. ಈಚೆಗೆ ಈ ಮಾತು ಚುರುಕ್ಕೆಂದು ನೆನಪಾದದ್ದು ಮದುವೆ ಮನೆಯಲ್ಲಲ್ಲ, ಅಮೆರಿಕದ ಹಳೆಯ ಜಾಝ್ ಹಾಡೊಂದನ್ನು ಕೇಳುತ್ತ ಕೂತಿದ್ದಾಗ.

ಹಾಡಿನ ಹೆಸರು ‘ಬ್ಲ್ಯಾಕ್ ಅಂಡ್ ಬ್ಲೂ’. ಇಂಗ್ಲಿಷಿನಲ್ಲಿ ಅದಕ್ಕೆ ಎರಡು ಅರ್ಥ. ಪೆಟ್ಟು ತಿಂದು ಕಂದಿಹೋದ ಮೈಗೆ ಹಾಗೆನ್ನುತ್ತಾರೆ. ಬಿಡಿಸಿ ನೋಡಿದರೆ ಕಪ್ಪು ಬಣ್ಣ, ಜೊತೆಗೆ ದುಃಖ ಎಂದೂ ಆಗುತ್ತದೆ. 1929ರಲ್ಲಿ ನ್ಯೂಯಾರ್ಕಿನ ‘ಹಾಟ್ ಚಾಕಲೇಟ್ಸ್’ ಎಂಬ ಹಾಡು ಕುಣಿತಗಳ ರಂಗಪ್ರದರ್ಶನಕ್ಕಾಗಿ ಇದನ್ನು ಬರೆದವನು ಆಂಡಿ ರಜಾಫ್. ರಾಗ ಹಾಕಿದವರು ಫ್ಯಾಟ್ಸ್ ವಾಲರ್ ಮತ್ತು ಹ್ಯಾರಿ ಬ್ರೂಕ್ಸ್.

ರಜಾಫನ ಹುಟ್ಟೇ ಒಂದು ಕಥೆ. ತಂದೆ ಮಡಗಾಸ್ಕರ್ ದ್ವೀಪದ ರಾಜಮನೆತನದವನು. ತಾಯಿಯ ತಂದೆ ಗುಲಾಮನಾಗಿ ಹುಟ್ಟಿ, ಮುಂದೆ ಅದೇ ದ್ವೀಪದಲ್ಲಿ ಅಮೆರಿಕದ ಕಾನ್ಸುಲ್ ಆದವನು. ಫ್ರೆಂಚರು ದ್ವೀಪದ ಮೇಲೆ ದಂಡೆತ್ತಿ ಬಂದಾಗ ತಂದೆ ತೀರಿಕೊಂಡ. ಹದಿಹರೆಯದ ಬಸುರಿ ತಾಯಿ ಅಮೆರಿಕಕ್ಕೆ ಮರಳಿ, 1895ರಲ್ಲಿ ವಾಷಿಂಗ್ಟನ್‌ನಲ್ಲಿ ಈ ಮಗನನ್ನು ಹೆತ್ತಳು. ಇಂದಿಗೂ ಜಾಝ್ ಹಾಡುವವರ ನಾಲಿಗೆಯ ಮೇಲಿರುವ ‘ಹನಿಸಕಲ್ ರೋಸ್’, ‘ಏಂಟ್ ಮಿಸ್‌ಬಿಹೇವಿನ್’ ಹಾಡುಗಳ ಮಾತುಗಳೂ ಇವನವೇ. ಅವು ಪ್ರೀತಿಯ, ತುಂಟತನದ ಹಾಡುಗಳು. ‘ಬ್ಲ್ಯಾಕ್ ಅಂಡ್ ಬ್ಲೂ’ ಹಾಗಲ್ಲ.

ಪ್ರದರ್ಶನಕ್ಕೆ ದುಡ್ಡು ಹಾಕಿದ್ದವನು ಡಚ್ ಶುಲ್ಟ್ಸ್, ಪಾನನಿಷೇಧದ ಕಾಲದಲ್ಲಿ ಕಳ್ಳ ಹೆಂಡದಿಂದ ಹಣ ಮಾಡಿದ್ದ ಕುಖ್ಯಾತ ಪಾತಕಿ. ರಜಾಫ್ ಮುಂದೆ ಹೇಳಿಕೊಂಡಂತೆ, ಕಪ್ಪು ಹುಡುಗಿಯೊಬ್ಬಳು ತನ್ನ ಬಣ್ಣಕ್ಕಾಗಿ ಗೋಳಾಡುವ ತಮಾಷೆಯ ಹಾಡೊಂದು ಬೇಕೆಂದು ಅವನು ಹಟ ಹಿಡಿದ. ಆಗದೆಂದಾಗ ಪಿಸ್ತೂಲು ತೋರಿಸಿದ. ರಜಾಫ್ ಬರೆದುಕೊಟ್ಟ. ಬೆಳ್ಳನೆಯ ಹಾಸಿನ ಮಂಚದ ಮೇಲೆ ಕೂತು ಎಡಿತ್ ವಿಲ್ಸನ್ ಹಾಡಿದಳು. ಕಪ್ಪು ಎದ್ದು ಕಾಣಲಿ, ಜನ ನಗಲಿ ಎಂದೇ ಆ ಬಿಳಿ ಹಾಸು. ಜನ ಮೊದಮೊದಲು ನಕ್ಕರಂತೆ. ಹಾಡು ಮುಂದುವರಿದ ಹಾಗೆ ನಗು ಅಡಗಿತು. ಮುಗಿದಾಗ ಎದ್ದು ನಿಂತು ಚಪ್ಪಾಳೆ ತಟ್ಟಿದರು. ನಗಿಸಲು ಕೇಳಿದವನಿಗೆ ರಜಾಫ್ ಕೊಟ್ಟದ್ದು ಅಳು.

ಅದು ಯಾರ ಅಳು? ಆಗಿನ ಅಮೆರಿಕದ ಹಾಡುಗಳಿಗೆ ಪಲ್ಲವಿಗಿಂತ ಮೊದಲು ಪೀಠಿಕೆಯಂಥ ಕೆಲವು ಸಾಲುಗಳಿರುತ್ತಿದ್ದವು. ಇಲ್ಲಿಯ ಪೀಠಿಕೆಯಲ್ಲಿ ಇರುವವಳು ಒಬ್ಬಂಟಿ ಹೆಂಗಸು. ಬೀದಿಯಲ್ಲಿ ಜೋಡಿಗಳು ಹೋಗುತ್ತಿವೆ, ತನ್ನನ್ನು ಕೇಳುವವರಿಲ್ಲ. ತನಗಿಂತ ತಿಳಿಬಣ್ಣದವರಿಗೆಲ್ಲ ಜೊತೆಗಾರರಿದ್ದಾರೆ, ಗಂಡಸರಿಗೆ ಅಂಥವರೇ ಬೇಕು. ಗಮನಿಸಿ, ಇದು ಬಿಳಿಯರ ಮೇಲಿನ ದೂರಲ್ಲ. ತನ್ನವರ ಮೇಲಿನದು. ಈ ದೂರಿಗೆ ಆಧಾರವಿತ್ತು. ಹಾರ್ಲೆಮ್ಮಿನ ಹೆಸರುವಾಸಿ ಕಾಟನ್ ಕ್ಲಬ್ಬಿನಲ್ಲಿ ಕಲಾವಿದರು ಕರಿಯರು, ನೋಡುವವರು ಬಿಳಿಯರು. ಆದರೆ ಸಾಲಿನಲ್ಲಿ ನಿಂತು ಕುಣಿಯುವ ಹುಡುಗಿಯರು ಮಾತ್ರ ತಿಳಿಬಣ್ಣದವರೇ ಆಗಬೇಕಿತ್ತು. ಆಳುವವರ ಕಣ್ಣು ಬರಬರುತ್ತ ಆಳಿಸಿಕೊಂಡವರ ಕಣ್ಣೂ ಆಗಿಬಿಡುತ್ತದೆ.

1929ರ ಜುಲೈನಲ್ಲಿ ಲೂಯಿ ಆರ್ಮ್‌ಸ್ಟ್ರಾಂಗ್ ಈ ಹಾಡನ್ನು ರೆಕಾರ್ಡ್ ಮಾಡಿದ. ಪೀಠಿಕೆಯ ಸಾಲುಗಳನ್ನು ಬಿಟ್ಟುಬಿಟ್ಟ. ಅದರಲ್ಲಿ ವಿಶೇಷವೇನೂ ಇಲ್ಲ. ಆ ಪ್ಲೇಟುಗಳಲ್ಲಿ ಹಿಡಿಸುತ್ತಿದ್ದುದು ಸುಮಾರು ಮೂರು ನಿಮಿಷದ ಹಾಡು, ತುತ್ತೂರಿಗೂ ಜಾಗ ಬೇಕು. ಪೀಠಿಕೆ ಬಿಡುವುದು ಜಾಝ್‌ನವರ ರೂಢಿಯೇ. ಆದರೆ ಆ ಸಾಲುಗಳು ಹೋದದ್ದೇ ತಡ, ಹೆಂಗಸೂ ಹೋದಳು. ಉಳಿದದ್ದು ಒಂದಿಡೀ ಜನಾಂಗದ ಗಾಯ. 1952ರಲ್ಲಿ ಬಂದ ರಾಲ್ಫ್ ಎಲಿಸನ್ನನ ‘ಇನ್ವಿಸಿಬಲ್ ಮ್ಯಾನ್’ ಕಾದಂಬರಿಯ ಮೊದಲಲ್ಲೇ ಕಥಾನಾಯಕ ನೆಲಮಾಳಿಗೆಯಲ್ಲಿ ಕೂತು ಈ ಪ್ಲೇಟನ್ನು ಕೇಳುತ್ತಾನೆ. 1956ರಲ್ಲಿ ಆರ್ಮ್‌ಸ್ಟ್ರಾಂಗ್ ಆಫ್ರಿಕದ ಅಕ್ರಾದಲ್ಲಿ ಇದನ್ನು ಹಾಡಿದಾಗ ಎದುರಿಗೆ ಕೂತಿದ್ದ ಎನ್‌ಕ್ರುಮಾ ಅವರ ಕಣ್ಣು ಒದ್ದೆಯಾಯಿತು. ಮರುವರ್ಷ ಅವರ ನಾಡು ಸ್ವತಂತ್ರವಾಯಿತು.

ಒಬ್ಬಳ ದುಃಖವನ್ನು ಬಿಟ್ಟು ಎಲ್ಲರ ದುಃಖವನ್ನು ಹಾಡಿದ್ದು ತಪ್ಪೆ? ತಪ್ಪೆನ್ನಲು ನನಗೆ ಬಾಯಿ ಬರುವುದಿಲ್ಲ. ಜುಲ್ಮೆಯಿಂದ ಬರೆಸಿಕೊಂಡ ಗೇಲಿಯ ಹಾಡು ಒಂದು ಜನಾಂಗ ತಲೆಯೆತ್ತಿ ಕೇಳುವ ಹಾಡಾಯಿತಲ್ಲ, ಅದು ಸಣ್ಣ ಮಾತಲ್ಲ. ಆದರೂ ಕಿಟಕಿಯಲ್ಲಿ ನಿಂತವಳ ನೆನಪು ಬಿಡುವುದಿಲ್ಲ. ಹೊರಗಿನವರ ಅನ್ಯಾಯದ ಬಗ್ಗೆ ನಾವೆಲ್ಲ ಒಟ್ಟಿಗೆ ನಿಂತು ಹಾಡಬಹುದು. ಮನೆಯೊಳಗಿನವರ ಅನ್ಯಾಯವನ್ನು ಹಾಡಹೊರಟವಳ ಜೊತೆಗೆ ಯಾರು ನಿಲ್ಲುತ್ತಾರೆ? “ಇದೇನು ಮಹಾ, ಸುಮ್ಮನಿರು” ಎನ್ನುತ್ತಾರೆ. ಸಣ್ಣ ದುಃಖವೆಂದು ನಾವು ಬದಿಗಿಡುವುದು ಎಷ್ಟೋ ಸಲ ಹತ್ತಿರದ ದುಃಖವನ್ನು.

ಇದನ್ನು ನಾನು ದೂರ ನಿಂತು ಹೇಳುವಂತಿಲ್ಲ. ನಾನು ಸಾದಾಗಪ್ಪು. ಅಮ್ಮ ಕಡಲೆಹಿಟ್ಟಿಗೆ ಹಾಲಿನ ಕೆನೆ ಕಲಸಿ ನನ್ನ ಮುಖಕ್ಕೆ ತಿಕ್ಕಿದ್ದಕ್ಕೆ ಲೆಕ್ಕವಿಲ್ಲ. ನನ್ನನ್ನು ನೋಡಲು ಬಂದವರು ಏನೆಂದು ಹೋದರೆಂಬುದೂ ಬಾಗಿಲ ಸಂದಿಯಿಂದ ಕಿವಿಗೆ ಬಿದ್ದಿತ್ತು. ಅಂಥ ನಾನು, ಕೆಲವು ವರ್ಷಗಳ ನಂತರ ತಮ್ಮನಿಗೆ ಹೆಣ್ಣು ನೋಡಿ ಬಸ್ಸಿನಲ್ಲಿ ಹಿಂತಿರುಗುವಾಗ, ಅಮ್ಮ “ನಿಂಗೇನನ್ನಿಸ್ತೇ?” ಎಂದದ್ದಕ್ಕೆ ಆಡಿದ ಮಾತು ಮೇಲೆ ಬರೆದದ್ದೇ. ಕೆಟ್ಟ ಮನಸ್ಸಿನಿಂದ ಆಡಿದ್ದಲ್ಲ. ಯೋಚನೆಯೇ ಇಲ್ಲದೆ ಬಾಯಿಗೆ ಬಂದದ್ದು. ಆ ಹುಡುಗಿ ನನ್ನ ಕೈಗೆ ಕಾಫಿ ಲೋಟ ಕೊಡುವಾಗ ನಕ್ಕಿದ್ದಳು, ಇವಳಾದರೂ ನಮ್ಮವಳು ಎಂಬಂತೆ. ಅವರ ಮನೆಗೆ ಜಾತಕ ಕೂಡಲಿಲ್ಲವೆಂದು ಹೇಳಿ ಕಳಿಸಿದೆವು.

ಹಾಡಿನಲ್ಲಿ ಇನ್ನೊಂದು ಕಡೆ ಅವಳು ತನ್ನ ಒಳಗಿನ ಒಳ್ಳೆಯತನವನ್ನು ಹೇಳಹೊರಟು ಅದಕ್ಕೂ ಬಿಳಿಯ ಬಣ್ಣವನ್ನೇ ಹೋಲಿಕೆಯಾಗಿ ತರುತ್ತಾಳೆ. ಅದಕ್ಕಾಗಿ ರಜಾಫನನ್ನು ಆಕ್ಷೇಪಿಸಿದವರಿದ್ದಾರೆ. ನನಗೆ ಮಾತ್ರ ಅಲ್ಲಿ ನಮ್ಮದೇ ಸಮಾಧಾನದ ಮಾತು ಕೇಳಿಸುತ್ತದೆ: ಕಪ್ಪಾದರೂ ಲಕ್ಷಣ, ಕಪ್ಪಾದರೂ ಗುಣವಂತೆ. ಆ ‘ಆದರೂ’ ಇರುವ ತನಕ ನಮ್ಮ ಹೊಗಳಿಕೆಯಲ್ಲೂ ಒಂದು ಪೆಟ್ಟು ಇದ್ದೇ ಇರುತ್ತದೆ.

1930ರಲ್ಲಿ ಎಥೆಲ್ ವಾಟರ್ಸ್ ಎಂಬಾಕೆ ಪೀಠಿಕೆಯ ಸಾಲುಗಳನ್ನೂ ಸೇರಿಸಿ ಇದೇ ಹಾಡನ್ನು ಹಾಡಿದ್ದಾಳೆ. ಬೀದಿಯ ಜೋಡಿಗಳು, ಒಬ್ಬಂಟಿ ಹೆಂಗಸು, ಎಲ್ಲವೂ ಅಲ್ಲಿದೆ. ಆರ್ಮ್‌ಸ್ಟ್ರಾಂಗ್‌ನದನ್ನು ಕೇಳಿದಾಗ ನನಗೆ ಲೋಕದ ಮೇಲೆ ಸಿಟ್ಟು ಬರುತ್ತದೆ. ಆ ಸಿಟ್ಟು ನ್ಯಾಯವಾದದ್ದೇ. ಎಥೆಲ್‌ಳದನ್ನು ಕೇಳುವಾಗ ಸಿಟ್ಟು ಮಾಡಲು ಯಾರೂ ಸಿಗುವುದಿಲ್ಲ. ಲೋಟ ಹಿಡಿದ ಒಂದು ಕೈ ಕಾಣುತ್ತದೆ, ಅಷ್ಟೆ.